ಎತ್ತಿದ್ದನ್ನು ನಡುವೆ ಬಿಡಬಾರದು

ಸಾಮಾನು ಹೊರುವುದು ಆ ಮನೆಯ ಎರಡು ತಲೆಮಾರಿನ ಕಸುಬು. ಜನ ಮನೆ ಬದಲಾಯಿಸುವಾಗ ಬೀರು, ಮಂಚ, ಫ್ರಿಜ್ಜು, ಆಳೆತ್ತರದ ಕನ್ನಡಿ ಎಲ್ಲವನ್ನೂ ಒಂದು ಮನೆಯ ಮೆಟ್ಟಿಲಿಳಿಸಿ ಲಾರಿಗೆ ಹಾಕಬೇಕು, ಇನ್ನೊಂದು ಮನೆಯ ಮೆಟ್ಟಿಲು ಹತ್ತಿಸಿ ಕೊಡಬೇಕು. ಮೊದಲು ಅಪ್ಪ ಮಾಡುತ್ತಿದ್ದ, ಈಗ ಮಗ. ಮಗನಿಗೆ ಲಾರಿಯವರು ಇಟ್ಟ ಹೆಸರು ಜಟ್ಟಿ. ಬಾಗಿಲಿಗೆ ಬಂದರೆ ಬೆಳಕು ನಿಲ್ಲುವಂಥ ಆಳು.

ಅಪ್ಪನ ಸೊಂಟ ಹೋಗಿ ವರ್ಷಗಳೇ ಆಗಿದ್ದವು. ಯಾರದೋ ಮನೆಯ ಕಬ್ಬಿಣದ ಬೀರು ಎತ್ತುವಾಗ ಆ ತುದಿ ಹಿಡಿದವನು "ಅಯ್ಯೋ, ಬೆರಳು!" ಎಂದು ಅರ್ಧಕ್ಕೆ ಕೈ ಬಿಟ್ಟುಬಿಟ್ಟ. ಇಡೀ ಬೀರು ಅಪ್ಪನ ಕಡೆ ವಾಲಿತು. ಆವತ್ತಿನಿಂದ ಅವನು ಕಿಟಕಿ ಪಕ್ಕದ ಕುರ್ಚಿಯಲ್ಲೇ. ಮಗ ಕೆಲಸಕ್ಕೆ ಹೊರಟ ದಿನ ಅವನು ಹೇಳಿಕೊಟ್ಟದ್ದು ಒಂದೇ ಮಾತು.

"ಎತ್ತಿದ್ದನ್ನ ನಡುವೆ ಬಿಡಬಾರದು. ಕೈ ಜಾರಲಿ, ಬೆರಳು ಜಜ್ಜಲಿ, ಯಾರಾದ್ರೂ ಕೂಗ್ಕೊಳ್ಳಲಿ, ಮೊದ್ಲು ಎತ್ತಿ ಮುಗಿಸು. ಆಮೇಲೆ ಬೇಕಾದ್ರೆ ಅಳು."

ಆ ಮನೆಯಲ್ಲಿ ಈ ಮಾತಿಗೆ ಉಪ್ಪಿನಷ್ಟು ಬಳಕೆ. ಜಟ್ಟಿಯ ತಾಯಿ, ಆ ಮನೆಯ ಅತ್ತೆ, ಅನ್ನದ ಪಾತ್ರೆ ಇಳಿಸುವಾಗಲೂ ಹೇಳುತ್ತಿದ್ದಳು. ಸೊಸೆ, ಜಟ್ಟಿಯ ಹೆಂಡತಿ, ಸ್ವಿಚ್ಚಿನ ಕಾರ್ಖಾನೆಯಲ್ಲಿದ್ದಳು. ತಯಾರಾಗಿ ಬಂದ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿ, ಕೆಲಸ ಮಾಡುತ್ತದೋ ಇಲ್ಲವೋ ನೋಡಿ ಡಬ್ಬಿಗೆ ಹಾಕುವುದು ಅವಳ ಕೆಲಸ. ಬಸುರಿಯಾಗಿ ಕಾಲು ಊದಿಕೊಂಡಾಗ "ಇನ್ನು ರಜಾ ಹಾಕು," ಎಂದು ಗಂಡ ಹೇಳಿದರೆ, "ಎತ್ತಿದ್ದನ್ನ ನಡುವೆ ಬಿಡಬಾರದು ರೀ," ಎಂದು ಹೊಟ್ಟೆ ತಟ್ಟಿ ನಗುತ್ತಿದ್ದಳು.

ನೋವು ಶುರುವಾದದ್ದು ಒಂದು ಬೆಳಿಗ್ಗೆ, ಚಹಾದ ಲೋಟ ಕೈಯಲ್ಲಿದ್ದಾಗ. ಆಸ್ಪತ್ರೆಗೆ ಹೋದರು. ಹಗಲೆಲ್ಲ ನೋವು ಬಂತು, ಮಗು ಬರಲಿಲ್ಲ. ಸಂಜೆ ಹೊತ್ತಿಗೆ ಡಾಕ್ಟರು ಹೊರಗೆ ಬಂದು, "ಮಗುವಿನ ಎದೆಬಡಿತ ಇಳೀತಿದೆ. ಇನ್ನು ಕಾಯೋ ಹಾಗಿಲ್ಲ, ಆಪರೇಷನ್ ಮಾಡಿ ತೆಗೀತೀವಿ," ಎಂದರು.

"ಇನ್ನೊಂದು ಗಳಿಗೆ ಕಾದ್ರೆ ಗಂಟೇನು ಹೋಗ್ತಿತ್ತು?" ಎಂದಳು ಅತ್ತೆ. "ಈ ಡಾಕ್ಟ್ರುಗಳಿಗೆ ಕತ್ತರಿ ಅಂದ್ರೆ ಪ್ರಾಣ."

"ಸುಮ್ನಿರಮ್ಮ," ಎಂದ ಜಟ್ಟಿ. ತೋರಿಸಿದಲ್ಲಿ ಸಹಿ ಹಾಕಿದ.

ಹಸಿರು ಅಂಗಿ ತೊಡಿಸಿ ಅವನನ್ನೂ ಒಳಗೆ ಬಿಟ್ಟರು. ಅಂಗಿಯ ಹಿಂದಿನ ದಾರ ಅವನ ಬೆನ್ನಿಗೆ ಸಾಲಲಿಲ್ಲ. ನರ್ಸ್ ಹೆಂಡತಿಯ ತಲೆಯ ಹತ್ತಿರ ಒಂದು ಸ್ಟೂಲು ತೋರಿಸಿದಳು.

"ಇಲ್ಲಿ ಕೂತ್ಕೊಳ್ಳಿ. ಪರದೆ ಆಚೆ ನೋಡ್ಬೇಡಿ. ತಲೆ ಸುತ್ತಿದ್ರೆ ಮೊದ್ಲೇ ಹೇಳಿ. ನೀವು ಬಿದ್ರೆ ಎತ್ತೋ ಶಕ್ತಿ ನಮಗ್ಯಾರಿಗೂ ಇಲ್ಲ."

ಹೆಂಡತಿಯ ಒಂದು ಕೈಗೆ ಸೂಜಿ ಚುಚ್ಚಿದ್ದರು, ಇನ್ನೊಂದಕ್ಕೆ ಪಟ್ಟಿ ಸುತ್ತಿದ್ದರು. ಹಿಡಿಯಲು ಸಿಕ್ಕಿದ್ದು ಎರಡು ಬೆರಳು. ಅವನು ಅದನ್ನೇ ಹಿಡಿದುಕೊಂಡ.

"ಏನ್ ಮಾಡ್ತಿದಾರೆ?" ಎಂದಳು ಅವಳು.

"ಕಾಣ್ತಿಲ್ಲ."

"ನೋವಿಲ್ಲ. ಆದ್ರೆ ಗೊತ್ತಾಗ್ತಿದೆ. ಯಾರೋ ನನ್ನ ಟ್ರಂಕಿನ ತಳದಲ್ಲಿ ಕೈ ಹಾಕಿ ಏನೋ ಹುಡುಕ್ತಿರೋ ಹಾಗೆ."

ಆಮೇಲೆ ಅವಳ ಮೈ ಅಲ್ಲಾಡತೊಡಗಿತು. ಭುಜ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಆ ಅಲುಗಾಟ ಜಟ್ಟಿಗೆ ಗೊತ್ತಿತ್ತು. ಕಿರಿದಾದ ಬಾಗಿಲಲ್ಲಿ ಸೋಫಾ ಸಿಕ್ಕಿಕೊಂಡಾಗ ಹೀಗೇ ಅಲ್ಲಾಡುತ್ತದೆ. ಅಂಥ ಕಡೆ ಎಲ್ಲರೂ "ಜಟ್ಟೀ!" ಎಂದು ಕೂಗುತ್ತಾರೆ, ಅವನು ಹೋಗಿ ಒಂದಿಷ್ಟು ಓರೆ ಮಾಡಿ ಎಳೆಯುತ್ತಾನೆ. ಇಲ್ಲಿ ಯಾರೋ ಎಳೆಯುತ್ತಿದ್ದರು, ಅವನು ಸ್ಟೂಲಿನ ಮೇಲೆ ಎರಡು ಬೆರಳು ಹಿಡಿದು ಕೂತಿದ್ದ.

"ಮಾತಾಡ್ರೀ," ಎಂದಳು.

"ಏನ್ ಮಾತಾಡ್ಲಿ?"

"ಏನಾದ್ರೂ."

"ಹೊರಗಡೆ ಅಮ್ಮ ಡಾಕ್ಟ್ರಿಗೆ ಬೈತಿದ್ಲು," ಎಂದ. ಅವಳ ಕಣ್ಣಂಚಿನಿಂದ ನೀರು ಕಿವಿಯತ್ತ ಇಳಿಯಿತು. ನಗುವೋ ಅಳುವೋ ತಿಳಿಯಲಿಲ್ಲ. ಅಷ್ಟರಲ್ಲಿ ಪರದೆಯಾಚೆ ಮಗು ಕೂಗಿತು. ಹೆಣ್ಣು.

ತಪ್ಪು ನಡೆದದ್ದು ಮಾರನೆಯ ದಿನ.

ಮಧ್ಯಾಹ್ನ ನರ್ಸ್ ಬಂದು, "ಇವತ್ತು ಎದ್ದು ನಾಲ್ಕು ಹೆಜ್ಜೆ ನಡೀಬೇಕಮ್ಮ," ಎಂದಳು. ಹೇಗೆ ಏಳಬೇಕೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ವಾರ್ಡಿನಿಂದ ಕೂಗಿದರು. "ಬಂದೆ. ನೀವು ಸ್ವಲ್ಪ ಕೂರಿಸ್ತಾ ಇರಿ," ಎಂದು ಜಟ್ಟಿಗೆ ಹೇಳಿ ಓಡಿದಳು.

ಹಿಂದಿನ ದಿನವೆಲ್ಲ ಕೈ ಕಟ್ಟಿ ಕೂತವನಿಗೆ ಕೊನೆಗೂ ತನ್ನ ಕೆಲಸ ಸಿಕ್ಕಿತು. ಕಾಲು ಅಗಲಿಸಿ ನಿಂತ, ಮೊಣಕಾಲು ಬಗ್ಗಿಸಿದ, ಹೆಂಡತಿಯ ಕಂಕುಳಿಗೆ ಎರಡೂ ಕೈ ಕೊಟ್ಟ. ಎತ್ತಿದ. ಅರ್ಧ ಎದ್ದಿದ್ದಳೋ ಇಲ್ಲವೋ, "ಅಯ್ಯೋ ಬಿಡಿ, ಬಿಡೀ!" ಎಂದು ಕೂಗಿಕೊಂಡಳು.

ಅವನಿಗೆ ಕೇಳಿಸಿತು. ಕೇಳಿಸಿದ್ದರಿಂದಲೇ ಇನ್ನೂ ಗಟ್ಟಿಯಾಗಿ ಹಿಡಿದು, ಒಂದೇ ಉಸಿರಿಗೆ ಎತ್ತಿ ಮುಗಿಸಿದ.

ಅವಳ ಮುಖ ಸುಣ್ಣದಂತಾಯಿತು. ಆಸ್ಪತ್ರೆಯವರು ಅವಳಿಗೆ ತೊಡಿಸಿದ್ದ ಅಂಗಿಯ ಮೇಲೆ ಕೆಂಪು ಹರಡಿತು. ಹೊಲಿಗೆಯ ಒಂದು ಕೊನೆ ಬಿಟ್ಟುಕೊಂಡಿತ್ತು. ಮತ್ತೆ ಹೊಲಿದರು. ವಾಪಸ್ಸು ಬಂದ ನರ್ಸ್ ತನ್ನನ್ನು ಬೈದುಕೊಂಡಳೋ ಅವನನ್ನೋ, "ಅದು ಮನುಷ್ಯರ ಮೈ ಅಲ್ವೇನ್ರೀ?" ಎಂದಳು. ಒಂದು ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಮೊಣಕೈ ಊರಿ ತಾನೇ ನಿಧಾನವಾಗಿ ಏಳಬೇಕು, ಜೊತೆಯವರು ಆಸರೆಗೆ ಮಾತ್ರ ಎಂದು ಆಮೇಲೆ ಹೇಳಿಕೊಟ್ಟಳು. ಜಟ್ಟಿ ಗೋಡೆಯ ಕಡೆ ತಿರುಗಿ ಕೇಳಿಸಿಕೊಂಡ.

ಹೆಂಡತಿ ಅವನನ್ನು ಬೈಯಲಿಲ್ಲ. ಸಂಜೆ ಒಂದೇ ಮಾತು ಹೇಳಿದಳು.

"ಬಿಡಿ ಅಂದೆ. ನೀವು ಬಿಡ್ಲಿಲ್ಲ."

ಮನೆಗೆ ಬಂದ ಮೇಲೂ ಅವಳು ಅವನಿಗೆ ಮೈ ಮುಟ್ಟಗೊಡಲಿಲ್ಲ. ಅವನು ಹತ್ತಿರ ಬಂದರೆ ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಮಗುವನ್ನು ಕೊಡುತ್ತಿದ್ದಳು, ಲೋಟ ಇಸಿದುಕೊಳ್ಳುತ್ತಿದ್ದಳು, "ಊಟ ಆಯ್ತಾ?" ಎಂದು ಕೇಳುತ್ತಿದ್ದಳು. ಏಳುವುದಕ್ಕೆ, ಕೂರುವುದಕ್ಕೆ, ಬಚ್ಚಲಿಗೆ ಹೋಗುವುದಕ್ಕೆ ಮಾತ್ರ "ಅತ್ತೇ" ಎಂದೇ ಕರೆಯುತ್ತಿದ್ದಳು.

ಅತ್ತೆ ಬರುತ್ತಿದ್ದಳು. ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ, ಒಂದು ಮಾತು ಹಿಡಿದುಕೊಂಡೇ ಬರುತ್ತಿದ್ದಳು.

"ನಾನೂ ಮೂರು ಹೆತ್ತೆ. ಮೂರನೇ ದಿನಕ್ಕೆ ನೀರು ಸೇದಿದೆ. ಈಗಿನವ್ರಿಗೆ ಮಲಗಿದಲ್ಲೇ ಹೆರಿಗೆ, ಮಲಗಿದಲ್ಲೇ ಬಾಣಂತನ."

"ಮಲಗಿದ್ದು ನಿಜ ಅತ್ತೆ," ಎಂದಳು ಸೊಸೆ ಹಲ್ಲು ಕಚ್ಚಿ ಏಳುತ್ತ. "ಮಲಗಿದ್ದಾಗ ಏಳು ಪದರ ಕೊಯ್ದಿದಾರೆ. ನಿಮ್ಮ ಸೀರೆ ಏಳು ಮಡಿಕೆ ಮಾಡಿ ಕತ್ತರಿಸಿ ಆಮೇಲೆ ಉಟ್ಕೊಳ್ಳಿ ನೋಡೋಣ."

"ಬಾಯಿಗೆ ಮಾತ್ರ ಹೊಲಿಗೆ ಹಾಕಿಲ್ಲ."

"ಅದನ್ನೂ ಹಾಕಿಸ್ಬೇಕಿತ್ತು, ಮರೆತುಹೋಯ್ತು."

ಒಳಗಿನ ಈ ಜಗಳ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಜಟ್ಟಿಗೆ ಕೇಳುತ್ತಿತ್ತು. ತಾಯಿಗೆ ಎರಡು ಮಾತು ಹೇಳಬೇಕೆಂದು ನಾಲಿಗೆ ತುದಿಗೆ ಬರುತ್ತಿತ್ತು. ಆದರೆ ಒಂದು ಸಲ ಹೇಳಲು ಹೋದಾಗ ತಾಯಿ, "ನಾನು ಬಾಯಲ್ಲಿ ಅಂದೆ ಕಣೋ, ನೀನು ಕೈಯಲ್ಲಿ ಮಾಡ್ದೆ," ಎಂದಿದ್ದಳು. ಅಲ್ಲಿಂದ ಅವನು ಸೊಪ್ಪನ್ನೇ ನೋಡುತ್ತಿದ್ದ.

ಮಾಡಲು ಬೇರೆ ಕೆಲಸ ಬೇಕಾದಷ್ಟಿತ್ತು. ಬೆಳಿಗ್ಗೆ ಗಂಜಿಗೆ ಇಡುತ್ತಿದ್ದ. ಮಗುವಿನ ಬಟ್ಟೆ ಒಗೆದು ಹರವುತ್ತಿದ್ದ. ಮಂಚ ತಗ್ಗಾಯಿತೆಂದು ನಾಲ್ಕು ಕಾಲಿಗೂ ಮರದ ದಿಂಡು ಕೊಟ್ಟು ಎತ್ತರಿಸಿದ. ಈಗ ತುಂಬ ಎತ್ತರವಾಯಿತು, ಅವಳ ಕಾಲು ನೆಲಕ್ಕೆ ಎಟುಕಲಿಲ್ಲ. ದಿಂಡು ತೆಗೆದ. ಕೆಮ್ಮು ಬಂದಾಗ ಹೊಲಿಗೆಗೆ ಒತ್ತಿಕೊಳ್ಳಲೆಂದು ಒಂದು ದಿಂಬು ತಂದ. ಅಂಗಡಿಯಲ್ಲಿ ಗಟ್ಟಿ ದಿಂಬೇ ಒಳ್ಳೆಯದೆಂದು ಆರಿಸಿ ತಂದಿದ್ದ. "ಇದು ಇಟ್ಟಿಗೆ ಇದ್ದ ಹಾಗಿದೆ," ಎಂದು ಅವಳು ಪಕ್ಕಕ್ಕಿಟ್ಟಳು. ಅದನ್ನು ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ ಮಾವ ಬೆನ್ನಿಗೆ ಕೊಟ್ಟುಕೊಂಡ.

ಒಂದು ಸಂಜೆ ಊಟಕ್ಕೆ ಕೂತಾಗ ಮನೆಯವರ ಮುಖ ಸಡಿಲಾಗಲೆಂದು ಜಟ್ಟಿ ಕೆಲಸದ ಸುದ್ದಿ ಹೇಳಿದ. ಬೀರು ಮೆಟ್ಟಿಲು ಹತ್ತಿಸುವಾಗ ಅವನ ಜೊತೆ ಹಿಡಿಯುವವನು ಕುಳ್ಳ. ಕುಳ್ಳ ಮೇಲಿನ ತುದಿ ಹಿಡಿದು ಹಿಂದಕ್ಕೆ ನಡೆಯುತ್ತ ಹತ್ತುತ್ತಾನೆ. ಕೆಳಗೆ ಜಟ್ಟಿ, ಭಾರವೆಲ್ಲ ಅವನದು.

"ಇವತ್ತು ಮೂರನೇ ಮಾಳಿಗೆ ತಿರುವಲ್ಲಿ 'ತಡಿ' ಅಂದ. ನಿಂತೆ. ಎದೆ ಮೇಲೆ ಬೀರು. ಏನು ಅಡ್ಡ ಬಂತೋ ಅಂತ ನಾನು. 'ಏನೋ ಕುಳ್ಳ?' ಅಂದ್ರೆ, 'ಚಡ್ಡಿ ಜಾರ್ತಿದೆ, ಏರಿಸ್ಕೋತಿದೀನಿ,' ಅಂತಾನೆ!"

ಅತ್ತೆ ಬಾಯಲ್ಲಿದ್ದ ಅನ್ನ ನೆತ್ತಿಗೇರಿಸಿಕೊಂಡಳು. ಮಾವ ದಿಂಬಿನ ಸಮೇತ ಅಲ್ಲಾಡಿದ. ಕೋಣೆಯ ಒಳಗಿನಿಂದ "ಅಮ್ಮಾ!" ಎಂಬ ನರಳಿಕೆ ಬಂತು.

"ನಗಿಸ್ಬೇಡ್ರೀ," ಎಂದಳು ಅವಳು ಒಳಗಿನಿಂದ, ಅಳುವ ದನಿಯಲ್ಲಿ. "ಹೊಲಿಗೆ ಎಳೀತಿದೆ."

ಜಟ್ಟಿ ತಟ್ಟೆ ಎತ್ತಿಕೊಂಡು ಎದ್ದ. ಆಮೇಲೆ ಆ ಮನೆಯಲ್ಲಿ ಊಟದ ಹೊತ್ತಿಗೆ ಅವನು ಸುದ್ದಿ ಹೇಳಲಿಲ್ಲ.

ಹೀಗೆ ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಲಾರಿ ಕೆಟ್ಟು ಅವನು ಬೇಗ ಮನೆಗೆ ಬಂದಿದ್ದ. ಅತ್ತೆ ಹಾಲು ತರಲು ಹೋಗಿದ್ದಳು. ಮಗು ತೊಟ್ಟಿಲಲ್ಲಿ, ಮಾವ ಕುರ್ಚಿಯಲ್ಲಿ, ಇಬ್ಬರಿಗೂ ನಿದ್ದೆ. ಜಟ್ಟಿ ಕೋಣೆಯ ಹೊರಗೆ ಕೂತು ಈರುಳ್ಳಿ ಸುಲಿಯುತ್ತಿದ್ದ. ಒಳಗೆ ಮಂಚ ಕಿರ್ ಎಂದಿತು.

"ಏಳ್ಬೇಕಾ?" ಎಂದ.

"ಅತ್ತೆ ಬಂದ್ರಾ? ಬಚ್ಚಲಿಗೆ ಹೋಗ್ಬೇಕು."

"ಇನ್ನೂ ಇಲ್ಲ. ನಾನು ಬರ್ಲಾ?"

"ಬೇಡ. ಅತ್ತೆ ಬರ್ಲಿ."

ಅವನು ಎದ್ದು ಬೀದಿಗೆ ಹೋಗಿ ನೋಡಿದ. ತಾಯಿಯ ಸುಳಿವಿಲ್ಲ. ಪಕ್ಕದ ಮನೆಯವಳನ್ನು ಕರೆಯೋಣವೆಂದರೆ ಬಾಗಿಲಿಗೆ ಬೀಗ. ಹಾಲಿನ ಅಂಗಡಿಯವರೆಗೆ ಓಡೋಣವೆಂದರೆ, ಅಷ್ಟರಲ್ಲಿ ಇವಳು ಬಿದ್ದರೆ? ಮೂಲೆಯವರೆಗೆ ಹೋದ, ವಾಪಸ್ಸು ಬಂದ.

"ಬಂದ್ರಾ?"

"ಈಗ ಬರ್ತಾಳೆ."

ಮಂಚ ಮತ್ತೆ ಕಿರ್ ಎಂದಿತು. ಅವಳು ತಾನೇ ಏಳಲು ಹೊರಟಿದ್ದಳು. ಅವನು ಹೊಸ್ತಿಲಲ್ಲಿ ನಿಂತು ನೋಡಿದ. ಮೊಣಕೈ ಮೇಲೆ ಅರ್ಧ ಎದ್ದವಳು ಅಲ್ಲೇ ಸಿಕ್ಕಿಕೊಂಡಿದ್ದಳು. ಮೇಲೆ ಬರಲಾಗದು, ಕೆಳಗೆ ಹೋಗಲಾಗದು. ಅವನ ಒಂದು ಕಾಲು ಹೊಸ್ತಿಲು ದಾಟಿತು.

"ಬರ್ಬೇಡಿ!" ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ನೋಡ್ಬೇಡಿ," ಎಂದಳು.

ಹಾಸಿಗೆಯಿಂದ ನೆಲಕ್ಕೆ ನೀರು ತೊಟ್ಟಿಕ್ಕಿತು. ಅವನು ಗೋಡೆಯ ಕಡೆ ತಿರುಗಿದ. ಅವಳು ಮುಖ ಮುಚ್ಚಿಕೊಂಡು ಅತ್ತಳು. ಜೋರಾಗಿ ಅತ್ತರೆ ನೋಯುತ್ತದೆಂದು ಅದನ್ನೂ ತಡೆದು ತಡೆದು ಅತ್ತಳು.

ಹಾಲಿನ ಪಾತ್ರೆ ಹಿಡಿದು ಬಂದ ಅತ್ತೆ ಬಾಗಿಲಲ್ಲೇ ನಿಂತಳು.

"ಇಷ್ಟು ದೊಡ್ಡ ಆಳು ಬೆದರುಬೊಂಬೆ ಹಾಗೆ ನಿಂತಿದೀಯಲ್ಲೋ! ಒಂದು ಕೈ ಕೊಡೋಕೆ ಆಗ್ಲಿಲ್ವಾ?"

"ಬೇಡ ಅಂದ್ಲಮ್ಮ."

"ಅವಳು ಬೇಡ ಅಂದ್ಲು, ನೀನು ಸರಿ ಅಂದೆ! ಆವತ್ತು ಬೇಡ ಅಂದಾಗ ಕೇಳ್ಲಿಲ್ಲ, ಇವತ್ತು ಕೇಳ್ದೆ. ನಿನ್ನ ಹೊತ್ತು ಗೊತ್ತು ದೇವರಿಗೇ ಪ್ರೀತಿ."

ಅತ್ತೆ ಅವನನ್ನು ಹೊರಗೆ ತಳ್ಳಿ ಬಾಗಿಲು ಮುಂದೆ ಮಾಡಿದಳು. ಒಳಗೆ ಬಕೆಟ್ಟಿನ ಸದ್ದಾಯಿತು. ಬಟ್ಟೆ ಬದಲಿಸುತ್ತ ಅವಳು ಸೊಸೆಗೆ ಹೇಳಿದ ಮಾತು ಸಂದಿಯಿಂದ ಅವನಿಗೂ ಕೇಳಿಸಿತು.

"ಅಳ್ಬೇಡ. ಮೂರನೇದು ಹುಟ್ಟಿದಾಗ ನನಗೂ ಹೀಗೇ ಆಗಿತ್ತು. ಇವರಪ್ಪಂಗೂ ಹೇಳಿಲ್ಲ."

"ಮತ್ತೆ ನೀರು ಸೇದಿದೆ ಅಂತೀರಾ?"

"ಸೇದಿದ್ದು ಇದನ್ನೇ ತೊಳ್ಯೋಕೆ ಕಣೇ."

ಆ ಸಂಜೆ ಜಟ್ಟಿ ಹಾಸಿಗೆಯನ್ನು ಅಂಗಳದಲ್ಲಿ ತೊಳೆದ. ನೆನೆದ ಹತ್ತಿಗೆ ಹೆಣಭಾರ. ಒಬ್ಬನೇ ಎತ್ತಿ, ತಾರಸಿಯ ಮೆಟ್ಟಿಲು ಹತ್ತಿಸಿ, ಗೋಡೆಯ ಮೇಲೆ ಹಾಕಿ ಬಂದ. ಎಲ್ಲೂ ನಡುವೆ ನಿಲ್ಲಿಸಲಿಲ್ಲ. ಕೆಳಗೆ ಬಂದು ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಬಟ್ಟೆಯಿಂದ ನೀರು ಇಳಿಯುತ್ತಿತ್ತು.

ಅಪ್ಪ ಕಿಟಕಿಯಿಂದ ಮುಖ ತಿರುಗಿಸಿದ.

"ನಾನೇ ಹೇಳ್ಕೊಟ್ಟಿದ್ದು," ಎಂದ. "ಎತ್ತಿದ್ದನ್ನ ನಡುವೆ ಬಿಡಬಾರದು ಅಂತ."

"ನಿಂದೇನ್ ತಪ್ಪಪ್ಪಾ. ಬೀರಿಗೆ ಹೇಳಿದ್ದೆ ನೀನು."

"ಅರ್ಧ ಹೇಳ್ದೆ. ಇನ್ನರ್ಧ ನೀನೇ ದಿನಾ ಮಾಡ್ತಿದೀಯಲ್ಲ ಅಂತ ಹೇಳೋಕೆ ಹೋಗ್ಲಿಲ್ಲ. ಮೆಟ್ಟಿಲ ಮೇಲೆ ಕುಳ್ಳ 'ತಡಿ' ಅಂದ್ರೆ ಏನ್ ಮಾಡ್ತೀಯ?"

"ನಿಲ್ತೀನಿ."

"ಯಾಕೆ?"

"ಅವನು ಹಿಂದಕ್ಕೆ ನಡೀತಿರ್ತಾನೆ. ಅವನ ಕಾಲಿಗೆ ಏನು ಸಿಕ್ತು ಅಂತ ಅವನಿಗೇ ಗೊತ್ತು, ನನಗೆ ಕಾಣಲ್ಲ."

"ಎತ್ತಿದ್ದನ್ನ ಬಿಡ್ತೀಯಾ ಆಗ?"

"ಬಿಡೋದೆಲ್ಲಿ ಬಂತು? ಹಿಡ್ಕೊಂಡೇ ನಿಲ್ತೀನಿ."

"ಎಷ್ಟು ಹೊತ್ತು?"

"ಅವನು 'ಹೂಂ' ಅನ್ನೋವರೆಗೂ."

"ಈ ದಿಂಬು ನಿಜವಾಗ್ಲೂ ಇಟ್ಟಿಗೆ ಕಣೋ," ಎಂದು ಅಪ್ಪ ಬೆನ್ನು ಸರಿಮಾಡಿಕೊಂಡ.

ಮರುದಿನ ಬೆಳಿಗ್ಗೆ ಜಟ್ಟಿ ಕೋಣೆಗೆ ಹೋಗಿ ಮಂಚದಿಂದ ಒಂದು ಮಾರು ದೂರ ನಿಂತ. ಹೆಂಡತಿಯ ಕೈ ಹೊಟ್ಟೆಯ ಮೇಲೆ ಹೋಯಿತು.

"ನಾನು ಎತ್ತಲ್ಲ," ಎಂದ. "ಕೈ ಅಡ್ಡ ಹಿಡ್ಕೊಂಡು ನಿಲ್ತೀನಿ, ಅಷ್ಟೇ. ನೀನು ತಡಿ ಅಂದ್ರೆ ನಿಲ್ತೀನಿ, ಹೂಂ ಅಂದ್ರೆ ಬರ್ತೀನಿ. ಕುಳ್ಳಂಗೆ ನಿಂತ ಹಾಗೆ."

"ಬೇಡ," ಎಂದಳು. "ಅತ್ತೇ!"

ಅತ್ತೆ ಬಂದು ಎಬ್ಬಿಸಿದಳು. ಅವನು ಕೈ ಕೆಳಗಿಳಿಸಿ ಕೆಲಸಕ್ಕೆ ಹೋದ.

ಸಂಜೆ ಬಂದು ಮತ್ತೆ ನಿಂತ. ಮರುದಿನವೂ ನಿಂತ. ಮುಂಗೈ ಅಡ್ಡ ಚಾಚಿ, ಮೊಣಕೈ ಪಕ್ಕೆಗೆ ಒತ್ತಿ, ಬಾಗಿಲ ಚಿಲಕದ ಹಾಗೆ. ಅವಳು ಆ ಕೈಯನ್ನು ನೋಡುತ್ತಿದ್ದಳು, ಆಮೇಲೆ "ಅತ್ತೇ" ಎನ್ನುತ್ತಿದ್ದಳು. ಅತ್ತೆ ಬರುತ್ತ, "ಸರಿಯೋ ಆಚೆ, ಟವಲ್ ಒಣಹಾಕೋಕೆ ಮೊಳೆ ಬೇಕಾದ್ರೆ ಕರೀತೀನಿ," ಎನ್ನುತ್ತಿದ್ದಳು. ಸೊಸೆಯನ್ನು ಎಬ್ಬಿಸಿ ಎಬ್ಬಿಸಿ ಅತ್ತೆಯ ಮಣಿಕಟ್ಟು ಊದಿಕೊಂಡಿತು, ಬಟ್ಟೆ ಸುತ್ತಿಕೊಂಡಳು. ಅದನ್ನು ಸೊಸೆಯೂ ನೋಡಿದಳು. ಆದರೂ ಅವನನ್ನು ಕರೆಯಲಿಲ್ಲ. ಕಾರ್ಖಾನೆಯ ಜೊತೆಗಾತಿ ಮಗು ನೋಡಲು ಬಂದವಳು, "ನಿಮ್ಮೋರು ಎಷ್ಟು ಗಟ್ಟಿ, ನಿನಗೇನಮ್ಮಾ ಚಿಂತೆ!" ಎಂದು ಹೇಳಿ ಹೋದಳು. ಗಂಡ ಹೆಂಡತಿ ಇಬ್ಬರೂ ನೆಲ ನೋಡಿದರು.

ಅದಾದ ಕೆಲವು ದಿನಕ್ಕೆ ಒಂದು ಬೆಳಿಗ್ಗೆ, ಅತ್ತೆ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಜಟ್ಟಿ ಎಂದಿನಂತೆ ಬಂದು ಮಂಚದ ಪಕ್ಕ ಕೈ ಅಡ್ಡ ಹಿಡಿದು ನಿಂತಿದ್ದ. ತೊಟ್ಟಿಲಲ್ಲಿ ಮಗು ಮುಲುಗಿ, ಕಾಲು ಒದ್ದು, ಅಳಲು ಶುರುಮಾಡಿತು.

ಹೆಂಡತಿ ಬಾಗಿಲ ಕಡೆ ನೋಡಿದಳು. ಬಟ್ಟೆ ಕುಕ್ಕುವ ಸದ್ದು ಬರುತ್ತಿತ್ತು. ಕೂಗಿದರೆ ಅತ್ತೆ ಬರುತ್ತಿದ್ದಳು, ಊದಿದ ಕೈ ಒರೆಸಿಕೊಂಡು. ಅವಳು ಕೂಗಲಿಲ್ಲ. ಒಂದು ಪಕ್ಕಕ್ಕೆ ಹೊರಳಿದಳು. ಕಾಲು ಕೆಳಗೆ ಬಿಟ್ಟಳು. ಮೊಣಕೈ ಊರಿದಳು. ಆಮೇಲೆ ಅವಳ ಇನ್ನೊಂದು ಕೈ ಬಂದು ಅವನ ಮುಂಗೈ ಹಿಡಿಯಿತು.

ಅವನು ಎತ್ತಲಿಲ್ಲ. ಎತ್ತಬೇಕೆಂದು ಬೆನ್ನು, ಭುಜ, ಮೊಣಕಾಲು ಎಲ್ಲ ಕೂಗುತ್ತಿದ್ದವು. ಅವನು ಉಸಿರು ಬಿಗಿ ಹಿಡಿದು ನಿಂತ.

"ಹೂಂ," ಎಂದಳು. ಅವಳ ಭಾರ ಒಂದಿಷ್ಟು ಅವನ ಕೈಗೆ ಬಂತು. ತಲೆ ಎದ್ದಿತು, ಹೆಗಲು ಎದ್ದಿತು. ಆವತ್ತು ಕೂಗಿಕೊಂಡ ಎತ್ತರಕ್ಕೆ ಸರಿಯಾಗಿ ಬಂದು,

"ತಡಿ," ಎಂದಳು. ತಡೀರಿ ಎನ್ನಲಿಲ್ಲ, ಮೆಟ್ಟಿಲ ಮೇಲಿನ ಹಾಗೆ ತಡಿ ಎಂದಳು.

ಅವನು ನಿಂತ. ಅರ್ಧ ಬಗ್ಗಿದವನು ಹಾಗೇ ನಿಂತ. ಮಗುವಿನ ಅಳು ಜೋರಾಯಿತು. ಅವನ ಹಣೆಯಲ್ಲಿ ಬೆವರು ಮೂಡಿತು. ಫ್ರಿಜ್ಜು ಹೊತ್ತಾಗ ನಡುಗದ ತೊಡೆ ಈ ಹಿಡಿಯಷ್ಟು ಭಾರಕ್ಕೆ ನಡುಗತೊಡಗಿತು. ನೋವಾಗ್ತಿದೆಯಾ ಎಂದು ಕೇಳಬೇಕೆನಿಸಿತು. ಕೇಳುವ ಸರದಿ ಅವನದಲ್ಲ.

ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಕಾರ್ಖಾನೆಯಲ್ಲಿ ಸ್ವಿಚ್ಚು ಒತ್ತಿ ದೀಪ ನೋಡುವ ಹಾಗೆ.

"ನೋವೇನಿಲ್ಲ," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಸುಮ್ನೆ ಅಂದೆ."

"ಹ್ಞಾ."

"ನಿಲ್ತೀರಾ ಅಂತ ನೋಡ್ದೆ."

ಹೂಂ ಎಂದು ಮಾತ್ರ ಅವಳು ಇನ್ನೂ ಹೇಳಲಿಲ್ಲ. ಮಗು ಕಿರುಚುತ್ತಿತ್ತು. ಒದ್ದೆ ಕೈಯಲ್ಲಿ ಓಡಿಬಂದ ಅತ್ತೆ ಹೊಸ್ತಿಲಲ್ಲೇ ದಂಗಾದಳು.

"ಏನ್ರೋ ಇದು! ಕೂಸು ಗಂಟಲು ಹರ್ಕೋತಿದೆ, ನೀವಿಬ್ರೂ ಫೋಟೋ ತೆಗೆಸ್ಕೊಳ್ಳೋ ಹಾಗೆ ನಿಂತಿದೀರಲ್ಲ!"

ಇಬ್ಬರೂ ಅಲುಗಲಿಲ್ಲ. ಅತ್ತೆ ಒಮ್ಮೆ ಮಗನ ಕೈ ನೋಡಿದಳು, ಒಮ್ಮೆ ಆ ಕೈಯ ಮೇಲಿದ್ದ ಸೊಸೆಯ ಕೈ ನೋಡಿದಳು. ದನಿ ತಗ್ಗಿಸಿ ತೊಟ್ಟಿಲ ಕಡೆ ಹೋದಳು.

"ಏನಾಯ್ತೇ?" ಎಂದು ಹೊರಗಿನ ಕುರ್ಚಿಯಿಂದ ಮಾವ ಕೂಗಿದ. "ಏನ್ ಮಾಡ್ತಿದಾನೆ ಅವನು?"

ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡಳು.

"ಏನೂ ಮಾಡ್ತಿಲ್ಲ," ಎಂದಳು. "ನಿಂತಿದಾನೆ."